ಆಟ ಕಲಿಸ್ತಿದ್ದ ದೊಡ್ಡ ಮಕ್ಕಳು ಎಲ್ಲಿ ಹೋದ್ರು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೇಸಿಗೆ ರಜೆ ಬಂತು ಅಂದ್ರೆ ಎಲ್ಲಾ ಪೇಪರ್‌ನಲ್ಲೂ ಒಂದೇ ತರದ ಬರಹಗಳು ಶುರುವಾಗ್ತವೆ. ಈಗಿನ ಮಕ್ಕಳಿಗೆ ಆಟನೇ ಗೊತ್ತಿಲ್ಲ, ಕಲ್ಪನಾಶಕ್ತಿ ಅನ್ನೋದು ಪೂರ್ತಿ ಹೋಗ್ಬಿಟ್ಟಿದೆ, ನಮ್ಮ ಕಾಲದಲ್ಲಿ ಲಗೋರಿ ಇತ್ತು, ಚಿನ್ನಿದಾಂಡು ಇತ್ತು, ಕುಂಟೆಬಿಲ್ಲೆ ಇತ್ತು, ಮೊಬೈಲ್ ಬಂದು ಎಲ್ಲಾ ಹಾಳಾಯ್ತು ಅಂತ. ಓದುಗರ ಪತ್ರಗಳಲ್ಲೂ ಅದೇ, ವಾಟ್ಸಾಪ್ ಫಾರ್ವರ್ಡ್‌ಗಳಲ್ಲೂ ಅದೇ. ನಾನು ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಚಿಕ್ಕ ಮಕ್ಕಳ ಜೊತೆನೇ ಇಡೀ ಸರ್ವಿಸ್ ಕಳೆದವಳು, ಹೆಚ್ಚಾಗಿ ಒಂದರಿಂದ ಮೂರನೇ ಕ್ಲಾಸು, ಈಗ ರಿಟೈರ್ ಆಗಿ ಶಿವಮೊಗ್ಗದಲ್ಲಿ ಮಗನ ಮನೇಲಿದೀನಿ. ಈ ಮಾತು ಓದಿದಾಗೆಲ್ಲ ಇದು ಮಕ್ಕಳಿಗೆ ಮಾಡೋ ಅನ್ಯಾಯ ಅನ್ಸುತ್ತೆ, ಯಾಕಂದ್ರೆ ಕಲ್ಪನೆ ಎಲ್ಲೂ ಹೋಗಿಲ್ಲ, ಹೋಗಿರೋದು ಬೇರೇನೇ, ಅದನ್ನ ತೆಗೆದವರು ನಾವು ದೊಡ್ಡವರು, ಬೈಸ್ಕೊಳ್ತಿರೋದು ಮಾತ್ರ ಮಕ್ಕಳು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಒಂದು ವಿಷಯ ಬೇರೆ ಮಾಡ್ಕೋಬೇಕು. ಲಗೋರಿ, ಚಿನ್ನಿದಾಂಡು, ಕಬಡ್ಡಿ ಇವೆಲ್ಲ ಸೋಲು-ಗೆಲುವಿನ ಆಟ. ಅವುಗಳ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ, ಗ್ರಾಮೀಣ ಕ್ರೀಡೆ ಅಂತ ವರ್ಷಕ್ಕೊಂದು ಸಲ ಸ್ಪರ್ಧೆನೂ ಇಡ್ತಾರೆ. ನಾನು ಹೇಳ್ತಿರೋದು ಇನ್ನೊಂದು ತರದ ಆಟ, ಇಲ್ಲದ್ದನ್ನ ಇದೆ ಅಂದ್ಕೊಂಡು ಆಡೋದು. ಅಡುಗೆ ಆಟ, ಮನೆ ಆಟ, ಟೀಚರ್ ಆಟ, ಡಾಕ್ಟರ್ ಆಟ, ಅಂಗಡಿ ಆಟ, ಬಸ್ಸಿನ ಆಟ, ಗೊಂಬೆ ಮದುವೆ, ಕಳ್ಳ-ಪೊಲೀಸ್. ಇದ್ರಲ್ಲಿ ಗೆಲ್ಲೋರಿಲ್ಲ, ಸೋಲೋರಿಲ್ಲ, ಕಪ್ಪಿಲ್ಲ, ಸರ್ಟಿಫಿಕೇಟ್ ಇಲ್ಲ, ಹಾಗಾಗಿ ಇದು ಇದ್ದಾಗ್ಲೂ ಯಾರೂ ಗಮನಿಸ್ಲಿಲ್ಲ, ಕಮ್ಮಿ ಆಗ್ತಿದ್ದಾಗ್ಲೂ ಗಮನಿಸ್ಲಿಲ್ಲ. ಆದ್ರೆ ಮೂರರಿಂದ ಏಳೆಂಟು ವರ್ಷದ ಮಗುಗೆ ಇದೇ ದೊಡ್ಡ ಆಟ.

ಕಲ್ಪನೆ ಹೋಗಿಲ್ಲ ಅಂತ ಯಾಕೆ ಹೇಳ್ತೀನಿ ಅಂದ್ರೆ, ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಸಂಜೆ ಹೊತ್ತು ಒಂದಷ್ಟು ಮಕ್ಕಳು ಸೇರ್ತಾರೆ, ನಾನು ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ಮೊನ್ನೆ ಅವರ ಅಂಗಡಿ ಆಟ ನೋಡಿದೆ. ರಟ್ಟಿನ ಡಬ್ಬ ಕೌಂಟರ್ರು, ಮಾರಕ್ಕಿರೋದು ಎಲೆ, ಕಲ್ಲು, ಖಾಲಿ ಶಾಂಪೂ ಬಾಟ್ಲು. ಇಷ್ಟು ನಮ್ಮ ಕಾಲದ್ದೇ. ಆದ್ರೆ ದುಡ್ಡು ಅಂತ ಎಲೆನೋ ಬೆಂಕಿಪೊಟ್ಟಣದ ಚೀಟಿನೋ ಕೊಡೋದಿಲ್ಲ, ನೋಟ್‌ಬುಕ್ ಹಾಳೇಲಿ ಚೌಕ ಚೌಕ ಬರೆದು ಡಬ್ಬಕ್ಕೆ ಅಂಟಿಸಿದಾರೆ, ಗಿರಾಕಿ ಅಂಗೈನ ಅದರ ಮುಂದೆ ಹಿಡಿದು 'ಟಿಂಗ್' ಅಂತಾನೆ. ಪಕ್ಕದಲ್ಲಿ ನಾಲ್ಕು ವರ್ಷದ್ದೊಂದು ಪುಟಾಣಿ ಕೂತಿದೆ, ಅದರ ಕೆಲಸ ಏನಪ್ಪಾ ಅಂದ್ರೆ ಅಂಗಡಿ ಸ್ಪೀಕರ್ ಆಗೋದು, 'ಇಪ್ಪತ್ತು ರೂಪಾಯಿ ಬಂದಿದೆ' ಅಂತ ಮೂಗಲ್ಲಿ ಹೇಳೋದು. ಅದು ಹೇಳೋ ತನಕ ಅಂಗಡಿಯವಳು ಸಾಮಾನು ಕೊಡಲ್ಲ. ಒಬ್ಬ ಹುಡುಗ 'ಹೋಗಿದೆ ಅಕ್ಕ, ನನ್ ಮೊಬೈಲಲ್ಲಿ ಕಟ್ಟಾಗಿದೆ' ಅಂತ ವಾದ ಮಾಡ್ದ, ಅವಳು 'ನಮಗೆ ಸೌಂಡ್ ಬಂದಿಲ್ಲ, ಸ್ವಲ್ಪ ಹೊತ್ತು ನಿಂತ್ಕೊಳ್ಳಿ ಸರ್, ಸರ್ವರ್ ಪ್ರಾಬ್ಲಮ್' ಅಂದ್ಳು. ದೊಡ್ಡವರು ಅಂಗಡೀಲಿ ಹೇಗೆ ನಿಂತ್ಕೊಳ್ತಾರೋ, ತಲೆ ಕೆರ್ಕೊಂಡು, ಹಿಂದಿನವರಿಗೆ ಜಾಗ ಬಿಟ್ಟು, ಥೇಟ್ ಹಾಗೇ ನಿಂತ.

ಬಸ್ಸಿನ ಆಟನೂ ಹಾಗೇ ಬದಲಾಗಿದೆ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಈ ಮಕ್ಕಳ ಬಸ್ಸಲ್ಲೂ ಹೆಣ್ಮಕ್ಕಳಿಗೆ ಫ್ರೀ, ಆದ್ರೆ ಆಧಾರ್ ತೋರಿಸ್ಬೇಕು, ಎಲೆ ತೋರಿಸಿದ್ರೆ ಆಯ್ತು. ಕಂಡಕ್ಟರಿಣಿ ಆ ಎಲೆನ ಆ ಕಡೆ ಈ ಕಡೆ ತಿರುಗಿಸಿ ನೋಡಿ 'ಫೋಟೋ ಸರಿ ಕಾಣ್ತಿಲ್ಲ ಕಣಮ್ಮ' ಅಂತಾಳೆ. ಇನ್ನೊಂದು ದಿನ ಬಾಗಿಲು ತಟ್ಟೋ ಆಟ, ಪಾರ್ಸಲ್ ತಂದವನು 'ಓಟಿಪಿ ಹೇಳಿ ಮೇಡಂ' ಅಂತ. ಕೊರೊನಾ ಟೈಮಲ್ಲಿ ಇದೇ ಮಕ್ಕಳ ಅಣ್ಣ ಅಕ್ಕಂದಿರು ಟೀಚರ್ ಆಟ ಆಡ್ತಿದ್ರೆ ಗೊಂಬೆಗಳಿಗೆಲ್ಲ 'ಮ್ಯೂಟ್ ಮಾಡ್ಕೊಳ್ಳಿ, ವಿಡಿಯೋ ಆನ್ ಮಾಡಿ' ಅಂತಿದ್ರು, ಡಾಕ್ಟರ್ ಆಟದಲ್ಲಿ ಮೂಗಿಗೆ ಕಡ್ಡಿ ಹಾಕೋದು ಸೇರ್ಕೊಂಡಿತ್ತು, ಎಷ್ಟು ಭಯದ ದಿನಗಳು ಅವು, ಆದ್ರೂ ಅದನ್ನ ಆಟ ಮಾಡ್ಕೊಂಡು ಮಕ್ಕಳು ಹಗುರಾದ್ರು. ಇಂಥ ಮಕ್ಕಳಿಗೆ ಕಲ್ಪನೆ ಇಲ್ಲ ಅನ್ನೋಕೆ ನನ್ನ ಬಾಯಿ ಬರಲ್ಲ.

ಹಾಗಾದ್ರೆ ಬದಲಾಗಿರೋದು ಏನು? ನನ್ನ ಬಾಲ್ಯ ತೀರ್ಥಹಳ್ಳಿ ಕಡೆ ಹಳ್ಳೀಲಿ ಕಳೀತು, ಅರವತ್ತರ ದಶಕ. ಆಟದ ಸಾಮಾನು ಅಂತ ಅಂಗಡಿಯಿಂದ ತಂದಿದ್ದು ಮನೇಲಿ ಬಹುಶಃ ಒಂದೂ ಇರ್ಲಿಲ್ಲ, ಸುತ್ತ ಬಿದ್ದಿರೋದೇ ಸಾಮಾನು. ತೆಂಗಿನ ಚಿಪ್ಪು ಪಾತ್ರೆ, ಹೆಂಚು ಕುಟ್ಟಿದ ಪುಡಿ ಖಾರದ ಪುಡಿ, ಕೆಸುವಿನ ಎಲೆ ಕೊಡೆ. ಅಡಿಕೆ ಹಾಳೆ ಅಂತೂ ಏನು ಬೇಕಾದ್ರೂ ಆಗ್ತಿತ್ತು, ಅದರ ಮೇಲೆ ಒಬ್ಬರನ್ನ ಕೂರಿಸಿ ಎಳೆದ್ರೆ ಶಂಕರ್ ಕಂಪನಿ ಬಸ್ಸು (ನಮ್ಮ ಕಡೆಯೋರಿಗೆ ಆ ಬಸ್ ಗೊತ್ತು), ಕತ್ತರಿಸಿ ತಲೆಗೆ ಕಟ್ಟಿದ್ರೆ ಕಿರೀಟ, ಮಡಚಿದ್ರೆ ತಟ್ಟೆ.

ಕೊಯ್ಲಾದ ಗದ್ದೇಲಿ ರಾತ್ರಿ ಮೇಳದವರ ಯಕ್ಷಗಾನ ಆಗಿದ್ರೆ ಮಾರನೇ ದಿನದಿಂದ ಅದೇ ಗದ್ದೇಲಿ ನಮ್ಮ ಮೇಳ. ಡಬ್ಬ ಚೆಂಡೆ, ಲೋಟ ತಾಳ, ಒಲೆ ಮಸಿ ಮೀಸೆ. ಮಹಿಷಾಸುರ ಗದ್ದೆಯ ಆ ತುದಿಯಿಂದ ಕೂಗ್ತಾ ಓಡಿ ಬರಬೇಕು, ಕೈಯಲ್ಲಿ ಸೂಡಿ (ಉರಿಯೋ ಪಂಜು) ಬದ್ಲು ತೆಂಗಿನ ಗರಿ. ಭಾಗವತಿಕೆ ಮಾಡ್ತಿದ್ದಿದ್ದು ನಮ್ಮ ಪಕ್ಕದ ಮನೆ ಅಕ್ಕ, ಹನ್ನೊಂದು ಹನ್ನೆರಡು ವರ್ಷ ಇರಬಹುದು, ಆಗ ಹೆಂಗಸರನ್ನ ನಿಜವಾದ ರಂಗಸ್ಥಳಕ್ಕೆ ಯಾರು ಹತ್ತಿಸ್ತಿದ್ರು, ಆದ್ರೆ ನಮ್ಮ ಗದ್ದೇಲಿ ಅವಳೇ ಭಾಗವತರು, ಅವಳು 'ನಿಲ್ಲು' ಅಂದ್ರೆ ಮಹಿಷಾಸುರನೂ ನಿಲ್ಲಬೇಕು. ನಾನಾಗ ಚಿಕ್ಕವಳು, ನನಗೆ ಕೋಡಂಗಿ ವೇಷ. ದೊಡ್ಡವರ ಮೇಳದಲ್ಲೂ ಹೊಸದಾಗಿ ಕಲಿಯೋ ಹುಡುಗರನ್ನ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ ಅಂತನೇ ಮೇಲೆ ತರ್ತಿದ್ರು, ಅದೇ ಕ್ರಮನ ಮಕ್ಕಳು ಯಾರೂ ಹೇಳಿಕೊಡದೆ ಎತ್ಕೊಂಡಿದ್ರು. ಕುಣಿದ್ನೋ ಬಿಟ್ನೋ, ಅಲ್ಲಿ ನಿಂತು ಎಲ್ಲಾ ನೋಡಿದೆ. ಎರಡು ಮೂರು ವರ್ಷ ಆದ್ಮೇಲೆ ನಾನೇ ದೇವಿ, ಇನ್ಯಾವುದೋ ಚಿಕ್ಕದು ಕೋಡಂಗಿ.

ನನ್ನ ವಿಷಯ ಇರೋದು ಇಲ್ಲೇ. ಈ ಆಟನ ನಮಗೆ ಕಲಿಸಿದ್ದು ಅಪ್ಪ ಅಮ್ಮ ಅಲ್ಲ, ಮೇಷ್ಟ್ರೂ ಅಲ್ಲ, ನಮಗಿಂತ ನಾಲ್ಕೈದು ವರ್ಷ ದೊಡ್ಡ ಮಕ್ಕಳು. ಹತ್ತು ವರ್ಷದವರಿಗೆ ಕಥೆ ಕಟ್ಟಕ್ಕೆ ಬರುತ್ತೆ, ಯಾರು ಏನಾಗ್ಬೇಕು ಅಂತ ಹಂಚಕ್ಕೆ ಬರುತ್ತೆ, ಜಗಳ ಆದ್ರೆ ಬಿಡಿಸಕ್ಕೂ ಬರುತ್ತೆ. ನಾಲ್ಕು ವರ್ಷದ್ದಕ್ಕೆ ಅದ್ಯಾವುದೂ ಬರಲ್ಲ, ಆದ್ರೆ ಜೊತೆಗಿರುತ್ತೆ, 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಸೇರಿಸ್ಕೊಂಡಿರ್ತಾರೆ, ಮನೆ ಆಟದಲ್ಲಿ ಅದನ್ನ ಪಾಪು ಮಾಡಿ ಮಲಗಿಸ್ತಾರೆ, ಬಸ್ಸಿನ ಆಟದಲ್ಲಿ ಲಗೇಜ್ ಮಾಡ್ತಾರೆ. ಹಾಗೆ ಮಲಗ್ಕೊಂಡೇ ಅದು ಇಡೀ ಆಟ ಕಲ್ತ್‌ಬಿಡುತ್ತೆ. ಒಂದು ಊರಿನ ಮಕ್ಕಳ ಆಟ ತಲೆಮಾರಿಂದ ತಲೆಮಾರಿಗೆ ಹೋಗ್ತಿದ್ದಿದ್ದು ಹೀಗೆ, ಮಕ್ಕಳಿಂದ ಮಕ್ಕಳಿಗೆ, ನಡುವೆ ದೊಡ್ಡವರಿಗೆ ಕೆಲಸನೇ ಇರ್ಲಿಲ್ಲ. ಈಗ ಕಡಿದು ಹೋಗಿರೋದು ಈ ಸರಪಳಿ.

ಹೇಗೆ ಕಡಿದು ಹೋಯ್ತು ನೋಡಿ. ಮೊದಲನೇದು ಮನೇಲಿ ಮಕ್ಕಳೇ ಕಮ್ಮಿ. 1992-93ರಲ್ಲಿ ಆದ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 2.9ರ ಹತ್ತಿರ ಮಕ್ಕಳು, 2019-21ರ ಐದನೇ ಸಮೀಕ್ಷೇಲಿ ಅದು 1.7. ಇದು ಒಳ್ಳೇದೇ, ನಮ್ಮ ಅಮ್ಮಂದಿರು ಪಟ್ಟ ಕಷ್ಟ ನಮ್ಮ ಸೊಸೆಯರು ಪಡೋದು ಬೇಡ. ಆದ್ರೆ ಅದರ ಜೊತೆಗೇ ಮನೇಲಿ ಅಕ್ಕ ಇಲ್ಲ, ಅಣ್ಣ ಇಲ್ಲ, ರಜೆಗೆ ಅಜ್ಜಿ ಮನೆಗೆ ಹೋದ್ರೆ ಅಲ್ಲಿ ಸೇರ್ತಿದ್ದ ಹತ್ತಾರು ಮಾವನ ಮಕ್ಕಳು ಚಿಕ್ಕಮ್ಮನ ಮಕ್ಕಳೂ ಇಲ್ಲ. ಎರಡನೇದು, ಇದು ಪೂರ್ತಿ ನಾವೇ ಮಾಡಿದ್ದು, ಮಕ್ಕಳನ್ನ ವಯಸ್ಸಿನ ಪ್ರಕಾರ ಬೇರೆ ಬೇರೆ ಡಬ್ಬಕ್ಕೆ ಹಾಕಿದ್ದು. ಮೂರು ವರ್ಷಕ್ಕೆ ನರ್ಸರಿ, ಅಲ್ಲಿ ಮೂರು ವರ್ಷದವರು ಮಾತ್ರ. ಆಮೇಲೆ ಎಲ್‌ಕೆಜಿ, ಯುಕೆಜಿ. ಡ್ಯಾನ್ಸ್ ಕ್ಲಾಸು ಐದರಿಂದ ಏಳು ವರ್ಷದ ಬ್ಯಾಚು, ಕರಾಟೆ ಎಂಟರಿಂದ ಹತ್ತು, ಸಮ್ಮರ್ ಕ್ಯಾಂಪಲ್ಲೂ ಅದೇ. ಸ್ಕೂಲ್ ವ್ಯಾನಲ್ಲಿ ಬಂದು ಇಳಿದ್ರೆ ಟ್ಯೂಷನ್ನು, ಅಲ್ಲೂ ಒಂದೇ ಕ್ಲಾಸಿನವರು. ನಾಲ್ಕು ವರ್ಷದ ಹದಿನೈದು ಮಕ್ಕಳನ್ನ ಒಂದು ರೂಮಲ್ಲಿ ಬಿಟ್ರೆ ಎಲ್ಲರಿಗೂ ಆಟ ಬೇಕು, ಕಟ್ಟಕ್ಕೆ ಒಬ್ಬರಿಗೂ ಬರಲ್ಲ, ಆಗ ಟೀಚರ್ರೇ ಬಂದು 'ಈಗ ಎಲ್ಲರೂ ಆನೆ ಆಗಿ, ಈಗ ಎಲ್ಲರೂ ಮೊಲ ಆಗಿ' ಅನ್ಬೇಕು. ಅದು ಆಟ ಅಲ್ಲ, ಡ್ರಿಲ್ಲು.

ನಾನು ಕ್ಲಾಸಲ್ಲಿ ಕಣ್ಣಾರೆ ಕಂಡಿದ್ದನ್ನೇ ಹೇಳ್ತೀನಿ. ನಮ್ಮ ನಲಿ-ಕಲಿ ಗೊತ್ತಲ್ಲ, 1995ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ ಯುನಿಸೆಫ್ ನೆರವಿಂದ ಶುರುವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೇಲಿ, ನೆಲದ ಮೇಲೆ ಗುಂಪು ಗುಂಪಾಗಿ, ಕಾರ್ಡು ಹಿಡ್ಕೊಂಡು. ಅದರ ಬಗ್ಗೆ ನಮಗೆ ಟೀಚರ್‌ಗಳಿಗೆ ದೂರುಗಳು ಸಾಕಷ್ಟಿದ್ವು, ದಾಖಲೆ ಬರೆಯೋದು ಜಾಸ್ತಿ, ಕಾರ್ಡು ಹರಿದ್ರೆ ಬೇಗ ಸಿಗಲ್ಲ. ಅದೆಲ್ಲ ಇರ್ಲಿ. ಆದ್ರೆ ಊಟದ ಬೆಲ್ಲಾದ್ಮೇಲೆ ಆ ಮಕ್ಕಳು ಆಡೋದನ್ನ ನೋಡ್ಬೇಕಿತ್ತು. ಮೂರನೇ ಕ್ಲಾಸಿನ ಹುಡುಗಿ ಟೀಚರ್ ಆಗ್ತಿದ್ಳು, ಒಂದನೇ ಕ್ಲಾಸಿನವರು ಸಾಲಾಗಿ ಕೂರ್ತಿದ್ರು, ಒಬ್ಬ ಇನ್ಸ್‌ಪೆಕ್ಟರ್ ಬರ್ತಿದ್ದ, ಟೀಚರ್ ಎದ್ದು 'ನಮಸ್ತೇ ಸಾರ್, ಕೂತ್ಕೊಳ್ಳಿ ಸಾರ್, ಟೀ ತರಿಸ್ಲಾ ಸಾರ್' ಅನ್ನೋಳು. ನನ್ನ ಸೀರೆ ಸೆರಗು ಸರಿ ಮಾಡ್ಕೊಳ್ಳೋ ರೀತಿ, ನಾನು ಬೋರ್ಡ್ ಕಡೆ ತಿರುಗಿದಾಗ ಒಂದೇ ಕಣ್ಣಲ್ಲಿ ಹಿಂದೆ ನೋಡೋ ರೀತಿ ಎಲ್ಲಾ ಅದರಲ್ಲಿತ್ತು. ಪಾಠದಲ್ಲಿ ಬಾಯೇ ಬಿಡದ ಒಂದು ಮಗು ಆ ಆಟದಲ್ಲಿ ಮಗ್ಗಿ ಹೇಳ್ತಿತ್ತು. ವಯಸ್ಸು ಬೆರೆತಿದ್ದಕ್ಕೆ ಅದೆಲ್ಲ ಆಯ್ತು ಅನ್ನೋದು ನನ್ನ ಗಟ್ಟಿ ನಂಬಿಕೆ. ಅದೇ ಊರಿನ ಕಾನ್ವೆಂಟಿಗೆ ಹೋಗ್ತಿದ್ದ ಮಕ್ಕಳು ಇವರಿಗಿಂತ ಚೆನ್ನಾಗಿ ಓದ್ತಿದ್ರು, ಆದ್ರೆ ರೀಸೆಸ್‌ನಲ್ಲಿ ಓಡೋದು ತಳ್ಳೋದು ಬಿಟ್ರೆ ಬೇರೆ ಆಟ ಕಾಣ್ತಿರ್ಲಿಲ್ಲ.

ಟ್ರೈನಿಂಗ್‌ನಲ್ಲಿ ನಮಗೆ ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಬಗ್ಗೆ ಹೇಳ್ತಿದ್ರು. ಅವರು 1933ರಲ್ಲಿ ಮಕ್ಕಳ ಆಟದ ಬಗ್ಗೆ ಮಾಡಿದ ಉಪನ್ಯಾಸದಲ್ಲಿ ಎರಡು ಉದಾಹರಣೆ ಬರುತ್ತೆ. ಒಂದು, ಕೋಲನ್ನ ಕುದುರೆ ಮಾಡ್ಕೊಳ್ಳೋ ಮಗು. ಕಣ್ಣಿಗೆ ಕಾಣೋದು ಕೋಲು, ಮನಸಲ್ಲಿರೋದು ಕುದುರೆ, ಅಲ್ಲಿಂದಲೇ ವಸ್ತು ಬೇರೆ ಅರ್ಥ ಬೇರೆ ಅಂತ ಮಗು ಬಿಡಿಸ್ಕೊಳ್ಳೋಕೆ ಶುರು ಮಾಡುತ್ತೆ ಅಂತಾರೆ. ಅಕ್ಷರ ಕಲಿಯೋಕೂ ಬೇಕಾಗಿರೋದು ಅದೇ ಅಲ್ವಾ, ಬೋರ್ಡ್ ಮೇಲೆ ಎಳೆದ ಗೆರೆನ 'ಅ' ಅಂತ ಒಪ್ಕೊಳ್ಳೋದು. ಇನ್ನೊಂದು, ನಿಜವಾಗ್ಲೂ ಅಕ್ಕತಂಗಿ ಆಗಿರೋ ಇಬ್ಬರು ಹುಡುಗೀರು 'ಬಾ ಅಕ್ಕತಂಗಿ ಆಟ ಆಡೋಣ' ಅಂತ ಆಡೋದು. ದಿನಾ ಅಕ್ಕತಂಗಿ ಆಗಿ ಇರೋವಾಗ ಗಮನಕ್ಕೇ ಬರದ್ದು ಆಟದಲ್ಲಿ ಬರುತ್ತೆ, ಕೈ ಹಿಡ್ಕೋಬೇಕು, ಒಂದೇ ತರ ಬಟ್ಟೆ ಹಾಕ್ಕೋಬೇಕು ಅನ್ನೋ ನಿಯಮ ಅವರೇ ಮಾಡ್ಕೊಂಡು ಪಾಲಿಸ್ತಾರೆ. ನಮ್ಮ ಪಾರ್ಕಿಂಗ್ ಹುಡುಗ ಸರ್ವರ್ ಪ್ರಾಬ್ಲಮ್ ಅಂದ ತಕ್ಷಣ ಸುಮ್ನೆ ನಿಂತ ಅಂದ್ನಲ್ಲ, ಅವನನ್ನ ಮನೇಲಿ ಅರ್ಧ ನಿಮಿಷ ನಿಲ್ಲಿಸಕ್ಕೆ ಅವರಮ್ಮನ ಕೈಲಿ ಆಗಲ್ಲ. ಆಟದಲ್ಲಿ ನಿಂತ. ಕಾಯೋದು, ತನ್ನ ಸರದಿ ಬರೋ ತನಕ ಸುಮ್ನಿರೋದು ಎಲ್ಲಾ ಮಗು ಇಲ್ಲೇ ಕಲಿಯುತ್ತೆ. ಅದನ್ನ ಟೈಂಪಾಸ್ ಅಂತ ನಾವು ಬದಿಗಿಟ್ಟು ಮೂರು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ಕರ್ಸಿವ್ ಬರೆಸ್ತಿದೀವಿ.

ನಮ್ಮ ಕಾಲ ಎಲ್ಲಾ ಚೆನ್ನಾಗಿತ್ತು ಅಂತ ಮಾತ್ರ ಯಾರೂ ತಿಳ್ಕೋಬೇಡಿ, ನಾನು ಅದನ್ನ ಹೇಳ್ತಿಲ್ಲ. ನಮ್ಮ ಗದ್ದೆ ಮೇಳಕ್ಕೆ ಎಲ್ಲಾ ಕೇರಿ ಮಕ್ಕಳೂ ಬರ್ತಿದ್ರಾ? ಇಲ್ಲ. ನಮ್ಮ ಮನೆ ದನ ಕಾಯೋಕೆ ಬರ್ತಿದ್ದ ಹುಡುಗ ನಮ್ಮದೇ ವಯಸ್ಸಿನವನು, ದೂರ ಅಂಚಿನ ಮೇಲೆ ನಿಂತು ನೋಡ್ತಿದ್ದ, ಕರೀರಿ ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ, ಕರೆದ್ರೆ ಮನೇಲಿ ಬೈತಾರೆ ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಡುಗೆ ಆಟದಲ್ಲೂ ಯಾರು ಯಾರ ಚಿಪ್ಪು ಮುಟ್ಟಬಹುದು ಅನ್ನೋದು ದೊಡ್ಡವರ ಮನೆಯಿಂದಲೇ ಬಂದಿರ್ತಿತ್ತು. ಗೊಂಬೆ ಮದುವೇಲಿ ಎಂಟು ವರ್ಷದ ಹುಡುಗೀರು ವರದಕ್ಷಿಣೆ ಮಾತುಕತೆ ಆಡ್ತಿದ್ರು, ನಾನೇ ಆಡಿದೀನಿ. ಭಾಗವತಿಕೆ ಮಾಡ್ತಿದ್ದ ಆ ಅಕ್ಕನಿಗೆ ಹದಿನಾಲ್ಕು ತುಂಬೋ ಹೊತ್ತಿಗೆ ಗದ್ದೆಗೆ ಹೋಗೋದೇ ಬಂದ್ ಆಯ್ತು. ಈಗ ಪಾರ್ಕಿಂಗಲ್ಲಿ ಹುಡುಗೀರು ಪೈಲಟ್ ಆಗ್ತಾರೆ, ಪೊಲೀಸ್ ಆಗ್ತಾರೆ, ಹುಡುಗ ಅಡುಗೆ ಮಾಡ್ತಾನೆ, ಯಾರ ಜಾತಿ ಏನು ಅಂತ ಅವಕ್ಕೆ ಗೊತ್ತೇ ಇಲ್ಲ. ಇಷ್ಟು ಮಟ್ಟಿಗೆ ಈಗಿನ ಆಟ ನಮ್ಮದಕ್ಕಿಂತ ಮೇಲು, ಅನುಮಾನನೇ ಬೇಡ. ಹಳೇದು ವಾಪಸ್ ತನ್ನಿ ಅಂತ ನಾನು ಕೇಳ್ತಿಲ್ಲ, ಆ ಬೆರಕೆ ವಯಸ್ಸಿನ ಗುಂಪು ಒಂದು ವಾಪಸ್ ಬೇಕು, ಈ ಸಲ ಎಲ್ಲರೂ ಸೇರಿರೋದು.

ಮೊಬೈಲ್ ವಿಷಯಕ್ಕೆ ಬರ್ತೀನಿ, ಅದನ್ನ ಬಿಟ್ಟು ಬರೆಯಕ್ಕಾಗಲ್ಲ. ಪರದೆ ಮೇಲೆ ನೋಡಿದ್ದು ಆಟಕ್ಕೆ ಶತ್ರು ಅಂತ ನನಗನ್ಸಲ್ಲ. 1987ರ ಜನವರಿಯಿಂದ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬಂತಲ್ಲ, ಆಗ ನಾನಿದ್ದ ಊರಲ್ಲಿ ಟಿವಿ ಇದ್ದಿದ್ದು ಒಂದೆರಡು ಮನೇಲಿ, ಊರ ಮಕ್ಕಳೆಲ್ಲ ಅಲ್ಲೇ. ಸೋಮವಾರ ಸ್ಕೂಲಿಗೆ ಬಂದ್ರೆ ತೆಂಗಿನ ಕಡ್ಡಿ ಬಾಣ, ಬಿದಿರಿನ ಬಿಲ್ಲು, ಶನಿವಾರದ ತನಕ ಅದೇ ಆಟ. ಕಣ್ಣಿಗೆ ಗಿಣ್ಣಿಗೆ ಚುಚ್ಕೊಂಡಾರು ಅಂತ ನಾವು ಬಾಣ ಎಲ್ಲಾ ಕಿತ್ಕೊಂಡು ಆಫೀಸ್ ರೂಮಲ್ಲಿ ಇಡ್ತಿದ್ವಿ. ಒಂದು ವಾರ ಪೂರ್ತಿ ಸಿಗ್ತಿತ್ತು ನೋಡಿ ಆ ಮಕ್ಕಳಿಗೆ, ನೋಡಿದ್ದನ್ನ ಮೆಲುಕು ಹಾಕಕ್ಕೆ, ಮರೆತಿದ್ದನ್ನ ತಾವೇ ಸೇರಿಸಕ್ಕೆ. ಹನುಮಂತ ಸಮುದ್ರ ಹಾರೋ ಮುಂಚೆ ಮಸಾಲೆ ದೋಸೆ ತಿನ್ನೋದೆಲ್ಲ ಆ ಸೇರಿಸಿದ್ದರಲ್ಲಿ ಬರೋದು. ಈಗಿನ ವಿಡಿಯೋ ಒಂದು ಮುಗಿಯೋದ್ರೊಳಗೆ ಇನ್ನೊಂದು ತಾನಾಗೇ ಶುರು ಆಗುತ್ತೆ, ನಿಲ್ಲೋದೇ ಇಲ್ಲ, ಮಗುಗೆ ಬೇಜಾರಾಗೋಕೆ ಒಂದು ನಿಮಿಷನೂ ಸಿಗಲ್ಲ. ಬೇಜಾರಾಗದೆ ಯಾವ ಮಗುನೂ ಎದ್ದು ಕೋಲು ಹುಡುಕಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಒಂದು ವರ್ಷದೊಳಗಿನ ಮಗುಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು ಅಂತ. ಇದನ್ನ ಹೇಳಿ ತಾಯಂದಿರನ್ನ ಬೈಯೋರು ಬೇಕಾದಷ್ಟು ಜನ. ಬೆಳಗ್ಗೆ ಐದಕ್ಕೆ ಎದ್ದು ತಿಂಡಿ ಮಾಡಿಟ್ಟು ಆಫೀಸಿಗೆ ಹೋಗಿ ಬರೋ ಹೆಣ್ಮಗಳು, ಕೆಳಗೆ ಬಿಟ್ರೆ ಕಾರು ಬೈಕು, ರೋಡಿಗೆ ಬಿಡಕ್ಕೆ ಭಯ, ಜೊತೆಗೆ ಕರ್ಕೊಂಡು ಹೋಗೋ ಅಕ್ಕ ಅಣ್ಣ ಇಲ್ಲ, ಮೊಬೈಲ್ ಕೊಡದೆ ಇನ್ನೇನು ಮಾಡ್ತಾಳೆ? ಮೊದಲು ದೊಡ್ಡ ಮಕ್ಕಳು ಹೋದ್ರು, ಜಾಗ ಹೋಯ್ತು, ಆಮೇಲೆ ಆ ಖಾಲಿ ಜಾಗಕ್ಕೆ ಮೊಬೈಲ್ ಬಂತು. ಈ ಕ್ರಮ ತಿರುಗಿಸಿ ಹೇಳಿದ್ರೆ ಪರಿಹಾರನೂ ತಪ್ಪಾಗುತ್ತೆ.

ಆಟಿಕೆ ಕೊಡಿಸೋದೂ ಪರಿಹಾರ ಅಲ್ಲ. ನಮ್ಮ ರಾಜ್ಯದಲ್ಲಿ ಆಟಿಕೆಗೆ ಬರ ಇಲ್ಲ, ಚನ್ನಪಟ್ಟಣದಲ್ಲಿ ಆಲೆ ಮರಕ್ಕೆ ಅರಗಿನ ಬಣ್ಣ ಹಾಕಿ ಮಾಡೋ ಗೊಂಬೆ ಇದೆ, ಕೊಪ್ಪಳ ಜಿಲ್ಲೆ ಕಿನ್ನಾಳದ ಗೊಂಬೆ ಇದೆ, ಅದೇ ಜಿಲ್ಲೆ ಭಾನಾಪುರದಲ್ಲಿ 2021ರ ಜನವರೀಲಿ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲೂ ಹಾಕಿದ್ರು. ಅದು ಕಾರ್ಮಿಕರಿಗೆ ಕೆಲಸ, ಬೇಡ ಅನ್ನಲ್ಲ. ಚನ್ನಪಟ್ಟಣದ ಗೊಂಬೆ ನನಗೂ ಇಷ್ಟ, ಅದು ಸುಮ್ನೆ ಗೊಂಬೆ, ಅದಕ್ಕೊಂದು ಸಿದ್ಧ ಕಥೆ ಇಲ್ಲ, ಮಗು ಏನು ಹೇಳುತ್ತೋ ಅದೇ ಆಗುತ್ತೆ. ಬಟನ್ ಒತ್ತಿದ್ರೆ ಹಾಡೋ, ಮಾತಾಡೋ ಗೊಂಬೆ ಆ ಕೆಲಸನ ತಾನೇ ಮಾಡ್ಬಿಡುತ್ತೆ. ಆದ್ರೆ ಎಷ್ಟು ಒಳ್ಳೆ ಗೊಂಬೆ ಆದ್ರೂ ಒಬ್ಬಂಟಿ ಮಗು ಅದನ್ನ ಎಷ್ಟು ಹೊತ್ತು ಆಡಿಸೀತು? ನಮ್ಮನೆ ಶೋಕೇಸ್ ತುಂಬಾ ಇವೆ.

ಧಾರವಾಡ ಕಡೆಯಿಂದ ಬಂದ ಒಬ್ಬ ಟೀಚರ್ ನನ್ನ ಜೊತೆ ಕೆಲಸ ಮಾಡ್ತಿದ್ರು, ಅವರು ಮಣ್ಣೆತ್ತಿನ ಅಮಾವಾಸ್ಯೆ ಬಗ್ಗೆ ಹೇಳ್ತಿದ್ರು. ಮುಂಗಾರು ಶುರುವಾಗಿ ಎರೆಮಣ್ಣು ಹದವಾಗಿರೋ ಹೊತ್ತಿಗೆ ಸರಿಯಾಗಿ ಆ ಹಬ್ಬ, ಮಣ್ಣಲ್ಲಿ ಜೋಡೆತ್ತು ಮಾಡೋದು, ಆಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಅನ್ನೋ ಮಣ್ಣಿನ ಮೂರ್ತಿ ಮಾಡಿ ಹೆಣ್ಮಕ್ಕಳು ಬುತ್ತಿ ಕಟ್ಕೊಂಡು ಊರಾಚೆ ಹೋಗೋದು. ಹಬ್ಬದ ಹೆಸರಲ್ಲಿ ಕೈ ಮೈ ಮಣ್ಣು ಮಾಡ್ಕೊಳ್ಳಕ್ಕೆ ಲೈಸೆನ್ಸ್. ಅಕ್ಕ ಎತ್ತು ಮಾಡಿದ್ರೆ ತಂಗಿ ಅದಕ್ಕೆ ಗೋದಲಿ ಮಾಡ್ತಿದ್ಳಂತೆ. ಈಗ ಅಲ್ಲೂ ಎಷ್ಟೋ ಮನೆಗಳಲ್ಲಿ ಸಂತೆಯಿಂದ ಬಣ್ಣ ಹಾಕಿದ ಎತ್ತು ತಂದು ಪೂಜೆ ಮಾಡಿ ಮುಗಿಸ್ತಾರೆ ಅಂತ ಬೇಜಾರು ಮಾಡ್ಕೊಳ್ತಿದ್ರು. ಹಬ್ಬ ಉಳೀತು, ಮಕ್ಕಳ ಪಾಲು ಹೋಯ್ತು.

ಏನು ಮಾಡಬಹುದು ಅಂತ ಕೇಳಿದ್ರೆ ನನ್ನ ಹತ್ರ ದೊಡ್ಡ ಯೋಜನೆ ಏನಿಲ್ಲ, ಇರೋದನ್ನೇ ಸ್ವಲ್ಪ ತಿರುಗಿಸ್ಬೇಕು. ಸರ್ಕಾರಿ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಇದೆ. ಆ ದಿನಕ್ಕೂ ಚಟುವಟಿಕೆಗಳ ಪಟ್ಟಿ ಕಳಿಸ್ತಾರೆ, ಟೀಚರ್ ಮಾಡಿಸ್ಬೇಕು, ಫೋಟೋ ಅಪ್‌ಲೋಡ್ ಮಾಡ್ಬೇಕು. ಅದರಲ್ಲಿ ಒಂದು ಗಂಟೆ ಯಾವ ಪಟ್ಟಿನೂ ಬೇಡ, ಒಂದನೇ ಕ್ಲಾಸಿಂದ ಏಳನೇ ಕ್ಲಾಸಿನ ತನಕ ಎಲ್ಲರನ್ನೂ ಒಟ್ಟಿಗೆ ಬಯಲಿಗೆ ಬಿಡಿ, ಹಳೇ ರಟ್ಟು, ಟೈರು, ಬಟ್ಟೆ ತುಂಡು, ಹಗ್ಗ ಒಂದಷ್ಟು ರಾಶಿ ಹಾಕಿ, ಟೀಚರ್ ದೂರ ಕೂತ್ಕೊಳ್ಳಿ, ಪೆಟ್ಟಾದ್ರೆ ಮಾತ್ರ ಎದ್ದು ಹೋಗಿ. ಮೊದಲ ಒಂದೆರಡು ಸಲ ಗಲಾಟೆ ಆಗುತ್ತೆ, ದೊಡ್ಡವರು ಚಿಕ್ಕವರನ್ನ ತಳ್ತಾರೆ, ಆಗ್ಲಿ. ಆಮೇಲೆ ತಾನಾಗೇ ಸರಿ ಹೋಗುತ್ತೆ, ನಲಿ-ಕಲಿ ಮಕ್ಕಳಲ್ಲಿ ನಾನು ನೋಡಿದೀನಿ.

ಅಂಗನವಾಡಿಗಳ ವಿಷಯ ಇನ್ನೊಂದು. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗಿಂದ ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೆ ಇರೋ ಜಾಗ ಅಂದ್ರೆ ಅಂಗನವಾಡಿನೇ. ಈಗ ಎಲ್‌ಕೆಜಿ ಯುಕೆಜಿ ಶಾಲೇಲಿ ಇರ್ಬೇಕಾ ಅಂಗನವಾಡೀಲಿ ಇರ್ಬೇಕಾ ಅಂತ 2019ರಿಂದ ಜಗಳ ನಡೀತಾನೇ ಇದೆ, ಕಾರ್ಯಕರ್ತೆಯರ ಹೊಟ್ಟೆಪಾಡಿನ ಪ್ರಶ್ನೆ ಅದು, ಅವರ ಹೋರಾಟ ನ್ಯಾಯವಾದದ್ದೇ. ನನ್ನ ಕಳಕಳಿ ಏನಂದ್ರೆ, ಎಲ್ಲೇ ಇರ್ಲಿ, ಆ ಮಕ್ಕಳನ್ನ ಮೂರು ವರ್ಷದವರು ಇಲ್ಲಿ, ನಾಲ್ಕು ವರ್ಷದವರು ಅಲ್ಲಿ ಅಂತ ಬೇರೆ ಮಾಡಿ ಬೆಂಚಿನ ಮೇಲೆ ಕೂರಿಸಬೇಡಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಎಂಟು ವರ್ಷದ ತನಕ ಆಟದ ಮೂಲಕವೇ ಕಲಿಕೆ ಅಂತ ಹೇಳುತ್ತೆ. ಕಾಗದದ ಮೇಲೆ ಆಟ, ಕ್ಲಾಸಲ್ಲಿ ಕಾಪಿ ರೈಟಿಂಗ್ ಆದ್ರೆ ಏನು ಬಂತು.

ಜಾಗದ ಬಗ್ಗೆ. ಉದ್ಯಾನ, ಆಟದ ಮೈದಾನ ಉಳಿಸ್ಬೇಕು ಅಂತ ನಮ್ಮ ರಾಜ್ಯದಲ್ಲಿ 1985ರಲ್ಲೇ ಕಾನೂನು ಆಗಿದೆ. ಮೈದಾನದ್ದಲ್ಲ, ಗೇಟಿನ ಬೀಗದ್ದು ನನ್ನ ತಕರಾರು. ಸಂಜೆ ನಾಲ್ಕೂವರೆಗೆ ಶಾಲೆ ಗೇಟಿಗೆ ಬೀಗ ಬಿತ್ತು ಅಂದ್ರೆ ಆ ಬಯಲು ಮಾರನೇ ದಿನದ ತನಕ ಯಾರಿಗೂ ಇಲ್ಲ. ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ, ಅಂದ್ರೆ ಎಸ್‌ಡಿಎಂಸಿಯವರು ಮನಸ್ಸು ಮಾಡಿ ಆರೂವರೆ ತನಕ ತೆಗೆದಿಡಬಹುದು, ಕೇರಿಯ ದೊಡ್ಡವರು ಒಬ್ಬರು ಸರದಿ ಮೇಲೆ ಕೂತ್ರೆ ಸಾಕು, ನಮ್ಮಂಥ ರಿಟೈರ್ ಆದವರು ಇದೀವಲ್ಲ. ಪಾರ್ಕುಗಳಲ್ಲಿ ವಾಕಿಂಗ್ ಮಾಡೋರಿಗೆ ತೊಂದ್ರೆ ಅಂತ ಮಕ್ಕಳನ್ನ ಓಡಿಸ್ತಾರೆ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ಗೋಡೆ ಕೊಳೆ ಆಗುತ್ತೆ, ಸದ್ದಾಗುತ್ತೆ ಅಂತ ಬೋರ್ಡ್ ಹಾಕ್ತಾರೆ. ನಮ್ಮಲ್ಲೂ ಆ ಮಾತು ಮೀಟಿಂಗಲ್ಲಿ ಬಂದಿತ್ತು, ಆ ರಟ್ಟಿನ ಅಂಗಡಿನ ಕಸ ಅಂತ ಎಸೆಸಬೇಕು ಅಂದ್ರು, ನಾನು ಮತ್ತೆ ಮೂರನೇ ಮಹಡಿ ಅಜ್ಜ ಇಬ್ಬರೂ ಎದ್ದು ನಿಂತು ಬೇಡ ಅಂದ್ವಿ. ಸದ್ಯಕ್ಕೆ ಉಳಿದಿದೆ. ಮಗುಗೆ ಆಡೋ ಹಕ್ಕಿದೆ ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಬರೆದಿದೆ, ಭಾರತ 1992ರಲ್ಲೇ ಒಪ್ಪಿದೆ. ಆ ಮೀಟಿಂಗಲ್ಲಿ ಇದನ್ನ ಹೇಳಿದಾಗ ಎಲ್ಲರೂ ಸ್ವಲ್ಪ ಹೊತ್ತು ಮುಖ ಮುಖ ನೋಡ್ಕೊಂಡ್ರು, ಹೀಗೂ ಒಂದು ಹಕ್ಕಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ.

ಬೇರೆಯವರು ಮಾಡೋ ಕೆಲಸನೂ ಇದೆ, ಮರೀಬಾರ್ದು. ಬೆಂಗಳೂರು ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಶುರು ಮಾಡಿದ್ರು, ಮೈಸೂರು ರಂಗಾಯಣದವರು ಪ್ರತಿ ಬೇಸಿಗೆ ಚಿಣ್ಣರ ಮೇಳ ಮಾಡ್ತಾರೆ, ಅಲ್ಲಿಗೆ ಹೋಗಿ ಬಂದ ಮಕ್ಕಳ ಕಣ್ಣಲ್ಲೇ ವ್ಯತ್ಯಾಸ ಕಾಣುತ್ತೆ. ಆದ್ರೆ ಅದೆಲ್ಲ ರಜೆಯ ಕೆಲವು ವಾರ, ಅದೂ ಸೀಟು ಸಿಕ್ಕವರಿಗೆ. ನಾನು ಕೇಳ್ತಿರೋದು ದಿನಾ ಸಂಜೆಯ ಒಂದೂವರೆ ಗಂಟೆ, ದುಡ್ಡಿಲ್ಲದೆ, ನಡ್ಕೊಂಡು ಹೋಗೋಷ್ಟು ಹತ್ರದಲ್ಲಿ.

ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ನಿಮ್ಮ ಆರನೇ ಕ್ಲಾಸಿನ ಮಗಳು ಪಕ್ಕದ ಮನೆ ನಾಲ್ಕು ವರ್ಷದ್ದನ್ನ ಕಟ್ಕೊಂಡು ಅಡುಗೆ ಆಟ ಆಡ್ತಿದ್ರೆ 'ಇಷ್ಟು ದೊಡ್ಡವಳಾಗಿ ಚಿಕ್ಕ ಮಕ್ಕಳ ಜೊತೆ ಏನೇ ನಿಂದು, ಹೋಗಿ ಓದ್ಕೋ' ಅನ್ಬೇಡಿ. ನಮ್ಮ ಕಟ್ಟಡದಲ್ಲಿ ಅಂಗಡಿ ಆಟ ಆ ಮಟ್ಟಕ್ಕೆ ನಡೀತಿದೆ ಅಂದ್ರೆ ಅದಕ್ಕೆ ಕಾರಣ ಅಂಥ ಒಬ್ಬಳು ಹುಡುಗಿ, ಕೌಂಟರ್ ಹಿಂದೆ ಕೂತಿದ್ದವಳೇ ಅವಳು. ಮುಂದಿನ ವರ್ಷ ಅವಳಿಗೂ ಟ್ಯೂಷನ್ ಹಾಕ್ತಾರಂತೆ. ಅವರಮ್ಮನ ಹತ್ರ ಮಾತಾಡಿದೀನಿ, ವಾರಕ್ಕೆ ಮೂರು ದಿನ ಮಾತ್ರ ಹಾಕಿ ಅಂತ ಕೇಳ್ಕೊಂಡಿದೀನಿ, ನೋಡ್ತೀನಿ ಆಂಟಿ ಅಂದಿದಾರೆ.

ಕೊನೇದಾಗಿ ಸಂಪಾದಕರಾದ ನಿಮ್ಮಲ್ಲೇ ಒಂದು ಕೋರಿಕೆ. ನಿಮ್ಮ ಮಕ್ಕಳ ಪುಟದಲ್ಲಿ ಚುಕ್ಕಿ ಸೇರಿಸೋದು, ಬಣ್ಣ ತುಂಬೋದು, ಕೃಷ್ಣವೇಷದ ಫೋಟೋ ಎಲ್ಲಾ ಬರುತ್ತೆ. ವಾರಕ್ಕೊಂದು ಸಣ್ಣ ಜಾಗ ಇಟ್ಟು, ಮಕ್ಕಳು ತಾವೇ ಕಟ್ಟಿದ ಆಟ ಯಾವುದು, ಯಾರು ಯಾರು ಏನೇನಾದ್ರು, ಸಾಮಾನು ಏನು ಬಳಸಿದ್ರು, ಗುಂಪಲ್ಲಿ ಎಲ್ಲಕ್ಕಿಂತ ಚಿಕ್ಕವರು ಯಾರು, ಅವರಿಗೆ ಏನು ಕೆಲಸ ಕೊಟ್ರು ಅಂತ ಬರೆದು ಕಳಿಸಕ್ಕೆ ಹೇಳಿ. ಚಿತ್ರದುರ್ಗದ ಮಕ್ಕಳ ಆಟ ಕಾರವಾರದ ಮಕ್ಕಳು ಓದ್ಲಿ. ಅಕ್ಷರ ತಪ್ಪಿದ್ರೂ ಪರವಾಗಿಲ್ಲ, ಅಪ್ಪ ಅಮ್ಮ ತಿದ್ದಿ ಬರೆದುಕೊಟ್ಟಿದ್ದನ್ನ ಮಾತ್ರ ದಯವಿಟ್ಟು ಹಾಕಬೇಡಿ.

ಇಂತಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಶಿವಮೊಗ್ಗ